ಅಕ್ಕಿ ಮಿಲ್ಲಿನಲ್ಲಿ ಆರು ವಾರ

ಬಸ್ಸುಗಳ ಹಣೆಯ ಮೇಲೆ ಊರಿನ ಹೆಸರು ಬರೆಯುವುದು ನನ್ನ ಕೆಲಸವಾಗಿತ್ತು. ಅಂಗಡಿಗಳ ಬೋರ್ಡನ್ನೂ ಬರೆಯುತ್ತಿದ್ದೆ, ಮೀನಿನ ಲಾರಿಗಳ ಹಿಂದೆ ಮಾಲೀಕರು ಹೇಳಿದ ದೇವರ ಹೆಸರನ್ನೂ ಬರೆಯುತ್ತಿದ್ದೆ. ಆದರೆ ನನಗೆ ಇಷ್ಟವಾದದ್ದು ಬಸ್ಸಿನ ಕೆಲಸವೇ. ಉದ್ಯಾವರದಲ್ಲಿ ಹೆದ್ದಾರಿಯ ಬದಿಗೆ ನನ್ನದೊಂದು ತಗಡಿನ ಶೆಡ್ಡು ಇತ್ತು. ಡ್ರೈವರು ಬಸ್ಸನ್ನು ಅದರ ಎದುರು ನಿಲ್ಲಿಸಿ ಚಾ ಕುಡಿದು ಬರುವಷ್ಟರಲ್ಲಿ ನಾನು 'ಕಾಪು – ಕಟಪಾಡಿ – ಉಡುಪಿ' ಎಂದು ಬರೆದು ಬ್ರಷ್ ತೊಳೆಯುತ್ತಿದ್ದೆ. ಗೆರೆ ಹಾಕಿಕೊಳ್ಳುವ ಅಭ್ಯಾಸವೇ ನನಗಿರಲಿಲ್ಲ. ಆಗ ನನಗೆ ಮೂವತ್ತೆರಡು ವರ್ಷ, ಸ್ವಲ್ಪ ಜಂಬವೂ ಇತ್ತು.

ಮನೆ ಕಾಪುವಿನಲ್ಲಿ. ಅಮ್ಮ, ಹೆಂಡತಿ ಸುಮತಿ, ನಾಲ್ಕು ವರ್ಷದ ಮಗಳು ಅಶ್ವಿನಿ. ಮನೆಯಲ್ಲಿ ನಾವಾಡುವುದು ತುಳು. ಇಲ್ಲಿ ಓದುವವರ ಅನುಕೂಲಕ್ಕೆ ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ನನ್ನ ಬಲಗೈಯ ಮೇಲೆ, ಮೊಣಕೈಗಿಂತ ಸ್ವಲ್ಪ ಕೆಳಗೆ, ಒಂದು ಬಿಳಚು ಮಚ್ಚೆ ಕಾಣಿಸಿತು. ಕೈ ತೊಳೆಯುವ ಟರ್ಪಂಟೈನಿನಿಂದ ಹಾಗಾಗಿದೆ ಎಂದುಕೊಂಡೆ. ಮೆಡಿಕಲ್ ಶಾಪಿನವರು ಕೊಟ್ಟ ಮುಲಾಮು ಹಚ್ಚಿದೆ. ಹೋಗಲಿಲ್ಲ. ತುರಿಕೆ ಇಲ್ಲ, ಉರಿ ಇಲ್ಲ, ಹಾಗಾಗಿ ಅದನ್ನು ಮರೆತೇಬಿಟ್ಟೆ. ಒಂದು ದಿನ ಸ್ನಾನದ ಹೊತ್ತಿಗೆ ಬೆನ್ನು ಉಜ್ಜುತ್ತಿದ್ದ ಸುಮತಿ, "ನಿಮ್ಮ ಬೆನ್ನಿನ ಮೇಲೂ ಹೀಗೆಯೇ ಉಂಟಲ್ಲ, ನಾಲ್ಕೈದು" ಎಂದಳು. ಅದಕ್ಕೂ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ತಲೆ ಕೆಡಿಸಿದ್ದು ಕಿರುಬೆರಳು. ಬೋರ್ಡ್ ಬರೆಯುವವರಿಗೆ ಕಿರುಬೆರಳು ಕಾಲು ಇದ್ದ ಹಾಗೆ. ಅದನ್ನು ತಗಡಿನ ಮೇಲೆ ಊರಿಯೇ ಉಳಿದ ಬೆರಳುಗಳು ಬ್ರಷ್ಷನ್ನು ತಿರುಗಿಸುವುದು. ನನ್ನ ಕಿರುಬೆರಳಿಗೆ ತಾನು ತಗಡಿನ ಮೇಲಿದ್ದೇನೋ ಗಾಳಿಯಲ್ಲಿದ್ದೇನೋ ತಿಳಿಯದಂತಾಯಿತು. ಹಸಿ ಅಕ್ಷರದ ಮೇಲೆ ಜಾರುತ್ತಿತ್ತು, ಬಣ್ಣ ಮೆತ್ತಿಕೊಳ್ಳುತ್ತಿತ್ತು, ನೋಡುವವರೆಗೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಒಬ್ಬ ಡ್ರೈವರು ಬೋರ್ಡನ್ನು ದಿಟ್ಟಿಸಿ ನೋಡಿ, "ಎಂತ ವಾಸಣ್ಣ, ಕಣ್ಣು ಪರೀಕ್ಷೆ ಮಾಡಿಸಿ ಮಾರಾಯ್ರೆ" ಎಂದ. ಅವನು ನಗುತ್ತಲೇ ಹೇಳಿದ್ದು. ನನಗೆ ಮಾತ್ರ ನಗು ಬರಲಿಲ್ಲ.

ನಮ್ಮ ಊರಿನ ಡಾಕ್ಟರು ಮಚ್ಚೆಯನ್ನೂ ಬೆರಳನ್ನೂ ನೋಡಿ, ಒಂದು ಚೀಟಿ ಬರೆದು, ನಾಲ್ಕಾಗಿ ಮಡಚಿ, ಮಣಿಪಾಲದ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋಗಲು ಹೇಳಿದರು. ಬಸ್ಸಿನಲ್ಲಿ ನಾನು ಆ ಚೀಟಿಯನ್ನು ಬಿಡಿಸಿ ನೋಡಿದೆ. ಜೀವಮಾನವಿಡೀ ಅಕ್ಷರ ಬರೆದವನಿಗೆ ಅದರಲ್ಲಿ ಒಂದಕ್ಷರವೂ ಓದಲಾಗಲಿಲ್ಲ.

ಅಲ್ಲಿದ್ದದ್ದು ಐವತ್ತು ದಾಟಿದ ಒಬ್ಬ ಡಾಕ್ಟರಮ್ಮ. ನಿಧಾನದ ಮಾತು. ಮೊಣಕೈಯ ಹಿಂದೆ ಬೆರಳಿಟ್ಟು ನರವೊಂದನ್ನು ಹುಡುಕಿ ಹಿಡಿದರು. ಅದು ನನಗೇ ಹಗ್ಗದ ಹಾಗೆ ದಪ್ಪ ಅನ್ನಿಸಿತು. ಆಮೇಲೆ ಒಂದಿಷ್ಟು ಹತ್ತಿ ತೆಗೆದುಕೊಂಡರು.

"ಕಣ್ಣು ಮುಚ್ಚಿ. ನಾನು ಮುಟ್ಟಿದ ಜಾಗವನ್ನು ಇನ್ನೊಂದು ಕೈಯಲ್ಲಿ ತೋರಿಸಬೇಕು, ಆಯ್ತಾ?"

ನಾನು ಎರಡು ಸಲ ತೋರಿಸಿದೆ. ಮತ್ತೆ ಮುಟ್ಟಲಿ ಎಂದು ಕಾಯುತ್ತಾ ಕುಳಿತೆ. ಎಷ್ಟು ಹೊತ್ತಾದರೂ ಮುಟ್ಟಲಿಲ್ಲ. ಕಣ್ಣು ಬಿಟ್ಟಾಗ ಡಾಕ್ಟರಮ್ಮನ ಕೈಯ ಹತ್ತಿ ನನ್ನ ಕಿರುಬೆರಳಿನ ಮೇಲೆಯೇ ಇತ್ತು. ಪಕ್ಕದಲ್ಲಿ ನಿಂತಿದ್ದ ಸುಮತಿಯ ಮುಖ ನೋಡಿದೆ. ಅವಳು ಎಲ್ಲವನ್ನೂ ನೋಡುತ್ತಾ ನಿಂತಿದ್ದಳು.

ಕಿವಿಯ ಹಾಲೆಯಿಂದ, ಮಚ್ಚೆಯಿಂದ ಸ್ವಲ್ಪ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸಿದರು. ಮುಂದಿನ ವಾರ ಹೋದಾಗ ಡಾಕ್ಟರಮ್ಮ ಬಾಗಿಲು ಹಾಕಿಸಿ ಹೇಳಿದರು.

"ಇದಕ್ಕೆ ಕುಷ್ಠರೋಗ ಅಂತ ಹೆಸರು. ಹೆಸರು ಕೇಳಿ ಹೆದರಬೇಡಿ. ಇದಕ್ಕೆ ಔಷಧಿ ಉಂಟು, ಗುಣ ಆಗ್ತದೆ."

ಹೆದರಬೇಡಿ ಎಂದರೆ ಹೆದರದೆ ಇರಲಾಗುತ್ತದೆಯೇ? ಆ ಶಬ್ದವನ್ನು ನಾನು ಅಲ್ಲಿಯವರೆಗೆ ಬೈಗುಳವಾಗಿ ಮಾತ್ರ ಕೇಳಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಡಬ್ಬಿ ಹಿಡಿದು ಕೂರುವವರ ಬೆರಳುಗಳು ಕಣ್ಣ ಮುಂದೆ ಬಂದವು. ಅವರನ್ನು ಕಂಡಾಗಲೆಲ್ಲ ನಾನು ದೂರದಿಂದ ಸುತ್ತಿ ಹೋಗುತ್ತಿದ್ದೆ.

ಸುಮತಿಯೇ ಕೇಳಿದಳು. "ಮನೆಯಲ್ಲಿ ಸಣ್ಣ ಮಗು ಉಂಟು, ಡಾಕ್ಟ್ರೇ."

"ಕರೆದುಕೊಂಡು ಬನ್ನಿ, ನೋಡುವ. ನೀವೂ ಬನ್ನಿ, ನಿಮ್ಮ ಅತ್ತೆಯನ್ನೂ ಕರೆತನ್ನಿ. ಇವರು ಔಷಧಿ ಶುರು ಮಾಡಿದ ಮೇಲೆ ಇವರಿಂದ ಯಾರಿಗೂ ಹರಡುವುದಿಲ್ಲ. ಒಟ್ಟಿಗೆ ಊಟ ಮಾಡಿ, ಮಗುವನ್ನು ಎತ್ತಿಕೊಳ್ಳಿ. ಎಂತ ಬದಲಾವಣೆಯೂ ಬೇಡ."

ತಿಂಗಳಿಗೊಂದು ಮಾತ್ರೆಯ ಪ್ಯಾಕೆಟ್ಟು, ಒಟ್ಟು ಹನ್ನೆರಡು. ಪ್ರತಿ ಪ್ಯಾಕೆಟ್ಟಿನ ಮೊದಲ ಮಾತ್ರೆಗಳನ್ನು ಅಲ್ಲೇ, ಅವರ ಎದುರಿಗೇ ನುಂಗಬೇಕು. ಅಂದು ಮೂತ್ರ ಕೆಂಪಗೆ ಹೋಗುತ್ತದೆ ಎಂದು ನರ್ಸ್ ಮೊದಲೇ ಹೇಳಿದ್ದರು. ಆದರೂ ಸಂಜೆ ಬಚ್ಚಲಲ್ಲಿ ಅದನ್ನು ಕಂಡು ಎರಡೆರಡು ಚೊಂಬು ನೀರು ಸುರಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಸುಮತಿ ಕಿಟಕಿಯ ಕಡೆ ನೋಡುತ್ತಾ ಹೇಳಿದಳು. "ಅತ್ತೆಗೆ ಹೇಳುವ. ನನ್ನ ಅಮ್ಮನ ಮನೆಗೆ ಬೇಡ." ಅವಳ ತವರು ಸಂತೆಕಟ್ಟೆ. ತಂಗಿಗೆ ಗಂಡು ನೋಡುತ್ತಿದ್ದರು. ನಾನು ಆಯಿತು ಎಂದೆ. ಅವಳನ್ನು ದೂರುವಂತಿರಲಿಲ್ಲ, ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಅಮ್ಮ ಅಂಗಳದಲ್ಲಿ ಮೀನು ಸಾಫ್ ಮಾಡುತ್ತಿದ್ದರು. ನಾನು ಹೇಳಿ ಮುಗಿಸುವವರೆಗೂ ಕತ್ತಿ ನಿಲ್ಲಲಿಲ್ಲ. ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿದರು.

"ನನ್ನಿಂದ ಬಂದದ್ದಾ?"

ಅಲ್ಲಮ್ಮ ಎಂದೆ. ನಂಬಿದ ಹಾಗೆ ಕಾಣಲಿಲ್ಲ. ಪರೀಕ್ಷೆಗೆ ಕರೆದುಕೊಂಡು ಹೋದ ದಿನ ಡಾಕ್ಟರಮ್ಮನಿಗೂ ಅದನ್ನೇ ಕೇಳಿದರು. ಮೂವರಿಗೂ ಏನೂ ಇಲ್ಲ ಎಂದು ತಿಳಿದ ಮೇಲೆ, ಅಷ್ಟು ದಿನ ಬಿಗಿಹಿಡಿದಿದ್ದ ಅಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತರು.

ಮನೆಯಲ್ಲಿ ಯಾರೂ ನನ್ನ ತಟ್ಟೆಯನ್ನು ಬೇರೆ ಇಡಲಿಲ್ಲ. ದೂರ ಮಾಡಿದವನು ನಾನೇ. ಡಾಕ್ಟರಮ್ಮ ಅಷ್ಟು ಬಿಡಿಸಿ ಹೇಳಿದ್ದರೂ ಅಶ್ವಿನಿಯನ್ನು ಎತ್ತಿಕೊಳ್ಳುವುದಕ್ಕೆ ನನಗೆ ಧೈರ್ಯ ಬರಲಿಲ್ಲ. ಅವಳು ಓಡಿ ಬಂದರೆ ಕೈಗಳನ್ನು ಹಿಂದಕ್ಕೆ ಕಟ್ಟಿ, "ಕೈಯಲ್ಲಿ ಪೇಂಟ್ ಉಂಟು ಮಗ" ಎನ್ನುತ್ತಿದ್ದೆ. ಸ್ವಲ್ಪ ದಿನದಲ್ಲಿ ಅವಳು ಓಡಿ ಬರುವುದನ್ನು ನಿಲ್ಲಿಸಿದಳು.

ಮಾತ್ರೆಗಳಿಂದ ನನ್ನ ಮೈಬಣ್ಣ ಕಪ್ಪಾಗುತ್ತಾ ಹೋಯಿತು. ಕಾಪು ಪೇಟೆಯಲ್ಲಿ ಒಬ್ಬರು, "ಎಂತ ವಾಸು, ಯಾವಾಗ ದುಬೈಗೆ ಹೋಗಿ ಬಂದದ್ದು?" ಎಂದು ಕೇಳಿದರು. ಹೌದು, ಹೋಗಿದ್ದೆ ಎಂದೇ ಹೇಳಿಬಿಟ್ಟೆ. ಆಮೇಲೆ ಅವರು ಅಲ್ಲಿನ ಸೆಖೆಯ ಬಗ್ಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕಾಯಿತು.

ಪ್ರತಿ ತಿಂಗಳು ಪ್ಯಾಕೆಟ್ಟಿಗಾಗಿ ಕಾಯುವ ಬೆಂಚು ಕಾರಿಡಾರಿನ ತುದಿಯಲ್ಲಿತ್ತು. ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂರುತ್ತಿದ್ದೆ. ಎರಡನೇ ತಿಂಗಳು, ಬೆಂಚಿನ ಇನ್ನೊಂದು ತುದಿಯಲ್ಲಿ ಇನ್ನೊಂದು ಪೇಪರು ಕಂಡಿತು. ಅದರ ಕೆಳಗಿನ ಚಪ್ಪಲಿ, ಪಂಚೆ, ಕೈಯ ಉಂಗುರ ನೋಡಿ ಗುರುತಾಯಿತು. ನಾನು ಬೋರ್ಡ್ ಬರೆದುಕೊಟ್ಟಿದ್ದ ಒಂದು ಬಟ್ಟೆ ಅಂಗಡಿಯ ಯಜಮಾನರು. ಅವರಿಗೂ ನನ್ನ ಗುರುತಾಯಿತು. ಇಬ್ಬರೂ ಪೇಪರು ಇಳಿಸಲಿಲ್ಲ. ಹೀಗೆ ಮೂರು ತಿಂಗಳು ಕಳೆಯಿತು. ಐದನೆಯ ತಿಂಗಳು ಅವರ ಪೇಪರಿನ ಅಡಿಯಿಂದ ಒಂದು ಕೈ ನನ್ನ ಕಡೆ ಬಂತು. ಕೈಯಲ್ಲಿ ನೆಲಗಡಲೆಯ ಪೊಟ್ಟಣ. ನಾನು ನಾಲ್ಕು ಕಾಳು ತೆಗೆದುಕೊಂಡೆ. ಒಂದು ಮಾತೂ ಆಡದೆ ಇಬ್ಬರೂ ತಿಂದೆವು. ಆ ಇಡೀ ವರ್ಷದಲ್ಲಿ ನನಗೆ ಅಷ್ಟು ಸಮಾಧಾನ ಕೊಟ್ಟ ಸಂಗತಿಗಳು ಕಡಿಮೆ.

ಅದೇ ತಿಂಗಳು ಮೊಣಕೈಯಲ್ಲಿ ನೋವು ಶುರುವಾಯಿತು. ಅಂಥ ನೋವನ್ನು ನಾನು ಕಂಡವನಲ್ಲ. ಒಂದು ವಾರದೊಳಗೆ ಉಂಗುರದ ಬೆರಳು, ಕಿರುಬೆರಳು ಎರಡೂ ಒಳಕ್ಕೆ ಮಡಚಿಕೊಂಡವು, ನೆಟ್ಟಗೆ ಮಾಡಲಾಗಲಿಲ್ಲ. ಓಡಿ ಹೋದೆ. ಔಷಧಿ ತೆಗೆದುಕೊಳ್ಳುವಾಗ ಕೆಲವರಿಗೆ ನರ ಹೀಗೆ ಉಬ್ಬುತ್ತದೆ, ತಕ್ಷಣ ಬಂದದ್ದು ಒಳ್ಳೆಯದಾಯಿತು ಎಂದು ಡಾಕ್ಟರಮ್ಮ ಹೇಳಿ, ಬೇರೆ ಮಾತ್ರೆ ಕೊಟ್ಟರು, ಕೈಗೆ ಪಟ್ಟಿ ಕಟ್ಟಿಸಿದರು. ಆ ಮಾತ್ರೆಗಳಿಂದ ಮುಖ ಊದಿಕೊಂಡಿತು. ನೋವು ಹೋಯಿತು. ಬೆರಳುಗಳು ಮಾತ್ರ ಮಡಚಿಕೊಂಡೇ ಉಳಿದವು. ಹನ್ನೆರಡು ಪ್ಯಾಕೆಟ್ಟು ಮುಗಿದ ದಿನ ಡಾಕ್ಟರಮ್ಮ ನನ್ನ ಕೈ ಕುಲುಕಿ, "ರೋಗ ಗುಣವಾಗಿದೆ" ಎಂದರು. ನಾನು ಕೈಯನ್ನು ನೋಡಿಕೊಂಡೆ. ಅದರಲ್ಲಿ ಬ್ರಷ್ ನಿಲ್ಲುತ್ತಿರಲಿಲ್ಲ.

ಅಷ್ಟರಲ್ಲಿ ಉಡುಪಿಗೆ ಕಂಪ್ಯೂಟರಿನಲ್ಲಿ ಸ್ಟಿಕ್ಕರ್ ಕತ್ತರಿಸುವ ಯಂತ್ರ ಬಂದಿತ್ತು. ಬಸ್ಸಿನವರು ಅಲ್ಲಿಗೆ ಹೋಗತೊಡಗಿದ್ದರು. ಶೆಡ್ಡನ್ನು ಬಿಟ್ಟುಕೊಟ್ಟೆ. ಸುಮತಿ ಪೇಟೆಯ ಟೈಲರಿಂಗ್ ಅಂಗಡಿಗೆ ರವಿಕೆ ಹೊಲಿಯಲು ಹೋದಳು. ನಾನು ಮನೆಯ ಜಗಲಿಯಲ್ಲಿ ಕೂತು, ಫಿಸಿಯೋಥೆರಪಿಯ ಮೇಡಂ ಹೇಳಿಕೊಟ್ಟಂತೆ, ಎಡಗೈಯಿಂದ ಬಲಗೈಯ ಬೆರಳುಗಳನ್ನು ಎಣ್ಣೆ ಹಚ್ಚಿ ನೀವುತ್ತಿದ್ದೆ. ದಿನಕ್ಕೆ ಮೂರು ಸಲ. ಉಳಿದ ಹೊತ್ತು ರಸ್ತೆ ನೋಡುತ್ತಿದ್ದೆ.

ಆ ಮೇಡಂ ಒಂದು ದಿನ ಕೇಳಿದರು. "ಕಾರ್ಕಳದ ಆಚೆ ನನ್ನ ಟೀಚರ್ ಒಬ್ಬರಿದ್ದಾರೆ. ಪ್ರತಿ ವರ್ಷ ಚಳಿಗಾಲದಲ್ಲಿ ಆರು ವಾರ ಕಲಾವಿದರನ್ನು ಕರೆಸಿ ಇರಿಸಿಕೊಳ್ತಾರೆ. ಕೈಕಾಲು ಸರಿ ಇಲ್ಲದವರು, ಕಿವಿ ಕೇಳದವರು, ಎಲ್ಲರೂ ಬರ್ತಾರೆ. ನೀವು ಹೋಗ್ತೀರಾ?"

"ನಾನು ಕಲಾವಿದ ಅಲ್ಲ ಮೇಡಂ. ಬೋರ್ಡ್ ಬರೆಯುವವ."

"ಅದನ್ನು ಅವರಿಗೇ ಹೇಳಿ" ಎಂದರು ಮೇಡಂ.

ಹಾಗೆ ಒಂದು ಡಿಸೆಂಬರಿನಲ್ಲಿ, ಕಾರ್ಕಳದಲ್ಲಿ ಬಸ್ಸು ಬದಲಿಸಿ, ಕರಿಕಲ್ಲಿನ ಪಾದೆಬಂಡೆಗಳ ನಡುವೆ ಹಾದುಹೋಗುವ ರಸ್ತೆಯಲ್ಲಿ ಇಳಿದೆ. ಎದುರಿಗೆ ನಿಂತುಹೋಗಿದ್ದ ಒಂದು ಅಕ್ಕಿ ಮಿಲ್ಲು. ಗೇಟಿನಲ್ಲಿ ಗಾಲಿಕುರ್ಚಿಯಲ್ಲಿ ಕುಳಿತ ಒಬ್ಬ ಹೆಂಗಸು, ಬಿಳಿ ಕೂದಲು, ಮಡಿಲಲ್ಲಿ ಬಣ್ಣ ಮೆತ್ತಿದ ಬಟ್ಟೆ. ಅವರೇ ಲಿಲ್ಲಿ ಟೀಚರ್. ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎರಡೂ ಕಾಲುಗಳ ಬಲ ಹೋಗಿತ್ತು.

"ಮೆಟ್ಟಿಲಿಲ್ಲದ ಕಟ್ಟಡ ಹುಡುಕಿ ಹುಡುಕಿ ಸಾಕಾಯಿತು ಮಾರಾಯ" ಎಂದರು, ನನ್ನನ್ನು ಒಳಗೆ ಕರೆದುಕೊಂಡು ಹೋಗುತ್ತಾ. "ಶಾಲೆಗೆ ಮೆಟ್ಟಿಲು, ಹಾಲ್‌ಗೆ ಮೆಟ್ಟಿಲು, ಇಗರ್ಜಿಗೂ ಮೆಟ್ಟಿಲು. ಇಲ್ಲಿ ಮಾತ್ರ ಭತ್ತದ ಮೂಟೆಯ ಕೈಗಾಡಿ ಹೋಗಬೇಕಲ್ಲ, ಹಾಗಾಗಿ ಎಲ್ಲ ಇಳಿಜಾರು ಮಾಡಿದ್ದಾರೆ. ಮೂಟೆಗೆ ಕೊಟ್ಟ ಮರ್ಯಾದೆ ನನಗೆ ಸಿಕ್ಕಿತು."

ಕೈಗೆ ಏನಾಗಿದೆ ಎಂದು ಅವರು ಕೇಳಲಿಲ್ಲ. ಏನು ಬೇಕು ಎಂದು ಮಾತ್ರ ಕೇಳಿದರು. ಯಾರಾದರೂ ಕೇಳಿದರೆ ಹೇಳಲೆಂದು ನಾನು ಒಂದು ಉತ್ತರ ಸಿದ್ಧ ಮಾಡಿಕೊಂಡಿದ್ದೆ: ನರದ ವೀಕ್ನೆಸ್.

ಆ ವರ್ಷ ನಾವು ನಾಲ್ಕು ಜನ. ಮೂಡಬಿದಿರೆ ಕಡೆಯ ಅಕ್ಕತಂಗಿಯರಿಬ್ಬರು, ಹುಟ್ಟಿನಿಂದ ಕಿವಿ ಕೇಳದವರು, ಬಟ್ಟೆಯ ಮೇಲೆ ಚಿತ್ರ ಮಾಡುತ್ತಿದ್ದರು. ಕೈಸನ್ನೆಯಲ್ಲೇ ನಮ್ಮೆಲ್ಲರ ನಡಿಗೆಯನ್ನು ಅಣಕಿಸಿ ನಗಿಸುತ್ತಿದ್ದರು. ನನ್ನ ಕೋಣೆಯ ಜೊತೆಗಾರ ಯಲ್ಲಪ್ಪ. ಬಾದಾಮಿ ಕಡೆಯವನು, ಕಟ್ಟಡದ ಕೆಲಸಕ್ಕೆಂದು ಮಣಿಪಾಲಕ್ಕೆ ಬಂದು, ಸಾರ್ವೆಯಿಂದ ಬಿದ್ದು ಬಲಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡವನು. ಊರಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುತ್ತಿದ್ದನಂತೆ. ಆಸ್ಪತ್ರೆಯ ಹಾಸಿಗೆಯಲ್ಲಿ ಬೇಸರ ಕಳೆಯಲು ಮತ್ತೆ ಮಾಡತೊಡಗಿದ್ದನ್ನು ಯಾರೋ ನೋಡಿ ಟೀಚರಿಗೆ ಹೇಳಿದ್ದರು. ಮಿಲ್ಲಿನ ಹಿಂದಿನ ಹೊಂಡದಿಂದ ನಾನು ಎಡಗೈಯಲ್ಲಿ ಮಣ್ಣು ಹೊತ್ತು ತಂದು ಕೊಡುತ್ತಿದ್ದೆ. ಅವನು ಬೆಳಿಗ್ಗೆ ನನ್ನ ಅಂಗಿಯ ಗುಂಡಿ ಹಾಕುತ್ತಿದ್ದ. ಇದು ಮೊದಲ ದಿನದಿಂದಲೇ, ಮಾತಿಲ್ಲದೆ ಆದ ಏರ್ಪಾಡು.

ನನ್ನ ಕೆಲಸ ಮುಂದೆ ಹೋಗಲಿಲ್ಲ. ಮೊದಲ ವಾರ ಕಾಗದ ಹಾಳು ಮಾಡಿದ್ದೇ ಬಂತು. ಟೀಚರ್ ಒಂದು ಮಧ್ಯಾಹ್ನ ಹಳೆಯ ಸೈಕಲ್ಲಿನ ಹ್ಯಾಂಡಲ್ ರಬ್ಬರ್ ತಂದು ಬ್ರಷ್ಷಿನ ಹಿಡಿಗೆ ತೊಡಿಸಿದರು. ದಪ್ಪ ಹಿಡಿ ಮೂರು ಬೆರಳಿಗೆ ಸಿಕ್ಕಿತು.

"ಇನ್ನು ಮಣಿಕಟ್ಟಿನಿಂದ ಬರೆಯಬೇಡ. ಭುಜದಿಂದ ಬರೆ. ಕಾಗದ ಬಿಡು, ತಗಡು ತೆಗೋ. ದೊಡ್ಡದು ಬರೆ."

"ಎಂತ ಬರೆಯುದು ಟೀಚರ್?"

"ನಿನಗೆ ಎಂತ ಬರೆಯಲಿಕ್ಕೆ ಬರ್ತದೆ?"

ಊರಿನ ಹೆಸರು. ಮಿಲ್ಲಿನ ಮಾಡಿನಿಂದ ಕಳಚಿಟ್ಟ ತಗಡನ್ನು ಗೋಡೆಗೆ ಒರಗಿಸಿ 'ಕಾಪು' ಎಂದು ಬರೆದೆ. ಎರಡು ಅಕ್ಷರಕ್ಕೆ ಇಡೀ ದಿನ ಹಿಡಿಯಿತು. ಹಿಂದೆ ಸರಿದು ನೋಡಿದರೆ ಅದು ನಾನು ಸಾವಿರ ಸಲ ಬರೆದ ಅಕ್ಷರದ ಹಾಗೆ ಇರಲಿಲ್ಲ. ಓರೆಕೋರೆ, ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಆದರೂ ಅಲ್ಲಿಂದ ಕದಲದೆ ನೋಡುತ್ತಾ ನಿಂತೆ. ಒಂದೂವರೆ ವರ್ಷದಿಂದ ಕೈ ಮಾಡಿದ ಮೊದಲ ಕೆಲಸ ಅದು.

ಮೂರನೆಯ ವಾರದ ಒಂದು ಸಂಜೆ. ಚಾ ಮಾಡುವ ಸರದಿ ನನ್ನದು. ಒಲೆಯ ಮೇಲಿನ ಅಲ್ಯೂಮಿನಿಯಂ ಕೆಟಲನ್ನು ಬಲಗೈಯಲ್ಲಿ ಎತ್ತಿ, ಲೋಟಗಳಿಗೆ ಸುರಿಯುತ್ತಾ ಬಂದೆ. ಮಾತಾಡುತ್ತಾ ಇದ್ದೆ, ಏನೋ ಹಾಸ್ಯ. ಯಲ್ಲಪ್ಪ ಲೋಟ ಕೆಳಗಿಟ್ಟು ಕೂಗಿದ. "ವಾಸಣ್ಣ! ಕೈ! ಕೈ ಬಿಡ್ರಿ!"

ಕೆಟಲ್ ಕೆಳಗಿಟ್ಟೆ. ಹಿಡಿಯ ಜೊತೆ ಬೆರಳಿನ ಚರ್ಮವೂ ಸ್ವಲ್ಪ ಹೋಯಿತು. ನನಗೆ ನೋವೇ ಆಗಿರಲಿಲ್ಲ. ನೋವಾಗಲಿಲ್ಲ ಎಂಬುದನ್ನೇ ಎಲ್ಲರೂ ನೋಡುತ್ತಿದ್ದರು.

ಯಲ್ಲಪ್ಪ ನನ್ನ ಮಡಚಿದ ಬೆರಳುಗಳನ್ನು, ಇನ್ನೂ ಪೂರ್ತಿ ತಿಳಿಯಾಗದ ನನ್ನ ಕಪ್ಪು ಮುಖವನ್ನು ನೋಡಿದ. "ಇಂಥಾ ಕೈ ನಮ್ಮೂರಾಗ ನೋಡೇನ್ರಿ" ಎಂದ. ಅಷ್ಟೇ. ಕೋಲು ಊರಿಕೊಂಡು ಎದ್ದು ಹೋಗಿ ತನ್ನ ಚಾಪೆ, ಹೊದಿಕೆ ಎರಡನ್ನೂ ಕೋಣೆಯಿಂದ ಹೊರಗಿನ ಜಗಲಿಗೆ ಒಯ್ದ.

ಮಾರನೆಯ ಬೆಳಿಗ್ಗೆ ನನ್ನ ಅಂಗಿಯ ಗುಂಡಿಯನ್ನು ನಾನೇ ಹಾಕಿಕೊಂಡೆ. ಎರಡು ಹಾಕಿದೆ, ಉಳಿದದ್ದು ಹಾಗೆಯೇ ಬಿಟ್ಟೆ. ಚೀಲ ಹಿಡಿದು ಟೀಚರ ಬಳಿ ಹೋದೆ. ಅವರು ಹಿಂದಿನ ರಾತ್ರಿ ಸುಟ್ಟ ಬೆರಳಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿ ಮುಲಾಮು ಹಚ್ಚುತ್ತಾ ಕೇಳಿದರು.

"ಹೋಗುವುದಾದರೆ ತಡೆಯುವುದಿಲ್ಲ. ಹೋಗುವ ಮೊದಲು ಒಂದು ಸಲ ಹೇಳು, ಎಂತ ಕಾಯಿಲೆ?"

"ನರದ..." ಎಂದೆ. ಅವರು ಮುಲಾಮು ಹಚ್ಚುತ್ತಲೇ ಇದ್ದರು. "ಕುಷ್ಠರೋಗ, ಟೀಚರ್. ಗುಣ ಆಗಿದೆ. ಡಾಕ್ಟರ್ ಹೇಳಿದ್ದಾರೆ." ಮನೆಯ ಹೊರಗೆ ಆ ಶಬ್ದವನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಟೀಚರ್ ಪಟ್ಟಿ ಕಟ್ಟಿ ಮುಗಿಸಿದರು. "ಮೊದಲೇ ಹೇಳಿದ್ದರೆ ಕೆಟಲಿನ ಹಿಡಿಗೆ ಬಟ್ಟೆ ಸುತ್ತುತ್ತಿದ್ದೆ" ಎಂದರು. "ನನಗೆ ನಿನ್ನ ಕಾಯಿಲೆ ಗೊತ್ತಾಗಬೇಕಾದದ್ದು ಅಷ್ಟಕ್ಕೇ."

"ಯಲ್ಲಪ್ಪ?"

"ಅವನನ್ನು ನಾನು ಒತ್ತಾಯ ಮಾಡುವುದಿಲ್ಲ. ನಿನ್ನನ್ನೂ ಕಳಿಸುವುದಿಲ್ಲ. ಜಗಲಿ ದೊಡ್ಡದು ಉಂಟು."

ನಾನು ಉಳಿದೆ. ಅದು ಧೈರ್ಯವೇನಲ್ಲ. ಬಸ್ಸು ಹತ್ತಿ ಕಾಪುವಿಗೆ ಹೋಗಿ ಮತ್ತೆ ಅದೇ ಜಗಲಿಯಲ್ಲಿ ಕೂರುವುದನ್ನು ನೆನೆಸಿಕೊಂಡರೆ ಇದೇ ವಾಸಿ ಎನಿಸಿತು. ಟೀಚರ್ ಅಂದೇ ಅಡುಗೆಮನೆಯ ಎಲ್ಲ ಬಿಸಿ ಪಾತ್ರೆಗಳ ಹಿಡಿಗೆ ಹಳೆಯ ಸೀರೆಯ ಪಟ್ಟಿ ಸುತ್ತಿಸಿದರು. ಅಕ್ಕತಂಗಿಯರು ಅದನ್ನು ಮಾಡುತ್ತಾ, ಕೆಟಲಿಗೆ ತಲೆನೋವು ಬಂದಿದೆ ಎಂಬಂತೆ ಅಭಿನಯಿಸಿ ನನ್ನನ್ನು ನಗಿಸಿದರು.

ಒಂಬತ್ತು ದಿನ ಯಲ್ಲಪ್ಪ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ ಅವನ ಬುಟ್ಟಿಯಲ್ಲಿ ಮಣ್ಣು ಮುಗಿದಿದ್ದನ್ನು ನೋಡಿ, ಹೊಂಡದಿಂದ ತಂದು, ಅವನಿಂದ ಸ್ವಲ್ಪ ದೂರದಲ್ಲಿ ಇಟ್ಟು ತಿರುಗಿದೆ.

"ಹಂಗ ಇಡಬ್ಯಾಡ್ರಿ" ಎಂದ ಯಲ್ಲಪ್ಪ. "ದೂರ ಇಟ್ಟು ಹೋಗಬ್ಯಾಡ್ರಿ, ವಾಸಣ್ಣ."

ನಾನು ನಿಂತೆ.

"ನಮ್ಮಪ್ಪನ ಅಕ್ಕ ಒಬ್ಬಾಕಿ ಇದ್ಲು. ಆಕಿಗೆ ಈ ದೊಡ್ಡ ಬ್ಯಾನಿ ಬಂತು. ಊರ ಹೊರಗ ಗುಡಿಸಲಾ ಹಾಕಿ ಇಟ್ರು. ನಾ ಸಣ್ಣಾಂವ, ದಿನಾ ರೊಟ್ಟಿ ಒಯ್ಯೂದು ನನ್ನ ಕೆಲಸ. ಕಲ್ಲಿನ ಮ್ಯಾಲ ಇಟ್ಟು ಓಡಿ ಬರ್ತಿದ್ದೆ. ಆಕಿ ಹಿಂದಿಂದ ಕರೀತಿದ್ಲು, 'ಯಲ್ಲೂ, ನಿಂದ್ರೋ, ಮಾರಿ ತೋರಿಸೋ' ಅಂತ. ಒಂದ ದಿನಾನೂ ನಿಂದರಲಿಲ್ರಿ ನಾ."

ಮಣ್ಣನ್ನು ನಾದುತ್ತಿದ್ದ ಅವನ ಕೈಗಳು ನಿಂತಿದ್ದವು.

"ನಿಮಗ ಗುಳಿಗಿ ಕೊಟ್ಟಾರಲ್ರಿ. ಆಕಿಗೂ ಇದ್ದೂವೇನು ಆ ಗುಳಿಗಿ?"

"ಆಗ ಇರಲಿಲ್ಲವೇನೋ, ಯಲ್ಲಪ್ಪ" ಎಂದೆ. ನನಗೆ ನಿಜವಾಗಿ ಗೊತ್ತಿರಲಿಲ್ಲ. ಇತ್ತು ಎಂದು ಹೇಳುವ ಮನಸ್ಸಂತೂ ಆಗಲಿಲ್ಲ.

ಅವನು ಒಂದು ಮುಷ್ಟಿ ಮಣ್ಣು ಕಿತ್ತು ನನ್ನ ಕಡೆ ಚಾಚಿದ. "ಹಿಚುಕ್ರಿ. ಬೆರಳಿಗೆ ಚಲೋ ಆಗತೈತಿ." ನಾನು ಅವನ ಪಕ್ಕದಲ್ಲಿ ಕುಳಿತು ಹಿಚುಕಿದೆ. ಮಧ್ಯಾಹ್ನ ಅವನ ಚಾಪೆ ಕೋಣೆಯೊಳಗೆ ಬಂದಿತ್ತು.

ಆ ಭಾನುವಾರ ಸುಮತಿ ಅಶ್ವಿನಿಯನ್ನು ಕರೆದುಕೊಂಡು ಬಂದಳು. ಮಗಳು ಬಂದವಳೇ ಯಲ್ಲಪ್ಪನ ಎತ್ತುಗಳ ಬಳಿ ಕುಳಿತು ಮೊಣಕೈವರೆಗೆ ಮಣ್ಣು ಮಾಡಿಕೊಂಡಳು. ಒಂದು ಎತ್ತಿಗೆ ಐದು ಕಾಲು ಮಾಡಿ ತೋರಿಸಲು ನನ್ನ ಬಳಿ ಓಡಿ ಬಂದಳು. ಅಭ್ಯಾಸಬಲದಿಂದ ನನ್ನ ಕೈ ಹಿಂದಕ್ಕೆ ಹೋಯಿತು.

"ನನ್ನ ಕೈಯಲ್ಲೂ ಉಂಟಪ್ಪ, ನೋಡಿ" ಎಂದು ಎರಡು ಕೈ ತೋರಿಸಿ, ಉತ್ತರಕ್ಕೆ ಕಾಯದೆ ನನ್ನ ಮಡಿಲಿಗೆ ಹತ್ತಿ ಕುಳಿತಳು. ಎರಡು ವರ್ಷದಲ್ಲಿ ಅವಳು ಎಷ್ಟು ಭಾರವಾಗಿದ್ದಾಳೆ ಎಂದು ಆಗ ಗೊತ್ತಾಯಿತು. ಸುಮತಿ ಆ ಕಡೆ ತಿರುಗಿ, ಬೇಕಿಲ್ಲದಿದ್ದರೂ ನನ್ನ ಚೀಲದ ಬಟ್ಟೆಗಳನ್ನೆಲ್ಲ ತೆಗೆದು ಮತ್ತೆ ಮಡಚಿಟ್ಟಳು.

ಆರು ವಾರ ಮುಗಿದ ಮೇಲೆ ಟೀಚರ್ ಮಣಿಪಾಲದ ಒಂದು ಹಾಲ್‌ನಲ್ಲಿ ಎರಡು ದಿನದ ಪ್ರದರ್ಶನ ಇಟ್ಟರು. ಅಲ್ಲಿಯೂ ಮೆಟ್ಟಿಲಿತ್ತು. ಯಲ್ಲಪ್ಪ ಕಟ್ಟಡದ ಕೆಲಸದ ಹಳೆಯ ಸಂಗಾತಿಗಳನ್ನು ಕರೆಸಿ ಟೀಚರ ಗಾಲಿಕುರ್ಚಿಗೆ ಹಲಗೆ ಹಾಕಿಸಿದ. ನನ್ನ ಏಳು ತಗಡುಗಳು ಗೋಡೆಗೆ ಒರಗಿ ನಿಂತವು, ಒಂದೊಂದರಲ್ಲಿ ಒಂದೊಂದು ಊರು. ಎರಡನೆಯ ದಿನ ಸುಮತಿ ಬಂದಳು, ಜೊತೆಯಲ್ಲಿ ಸಂತೆಕಟ್ಟೆಯಿಂದ ಅವಳ ಅಮ್ಮನೂ ಬಂದರು. ತಂಗಿಯ ಮದುವೆ ನಾನು ಮಿಲ್ಲಿಗೆ ಹೊರಡುವ ಮೊದಲೇ ಮುಗಿದಿತ್ತು. ಅತ್ತೆಗೆ ನನ್ನ ಕಾಯಿಲೆಯ ಹೆಸರು ಇನ್ನೂ ಗೊತ್ತಿರಲಿಲ್ಲ.

ಜನ ಹೆಚ್ಚಿರಲಿಲ್ಲ. ಬಂದವರು ಯಲ್ಲಪ್ಪನ ಎತ್ತುಗಳ ಮುಂದೆ ತುಂಬ ಹೊತ್ತು ನಿಲ್ಲುತ್ತಿದ್ದರು. ಹಾಲ್ ಗುಡಿಸುವ ಅಪ್ಪಿಯಕ್ಕ ಎಂಬವರು ಹಿಡಿಸೂಡಿ ಕಂಕುಳಲ್ಲಿಟ್ಟುಕೊಂಡು ನನ್ನ ತಗಡುಗಳ ಮುಂದೆ ನಿಂತು ಓದಿದರು.

"ಉದ್ಯಾವರ. ಇದು ನಮ್ಮ ಊರು. 'ದ್ಯಾ' ಸ್ವಲ್ಪ ವಾಲಿದೆ, ಅಲ್ವಾ?"

"ಹೌದು, ವಾಲಿದೆ" ಎಂದೆ.

"ನಿಮ್ಮ ಕೈಗೆ ಎಂತ ಆದದ್ದು?"

ಹತ್ತಿರದಲ್ಲಿ ಕಾಲೇಜಿನ ಇಬ್ಬರು ಮೇಷ್ಟ್ರುಗಳಿದ್ದರು. ಮೂರು ಹೆಜ್ಜೆ ಆಚೆ ಅತ್ತೆ ಕುರ್ಚಿಯಲ್ಲಿ ಕುಳಿತಿದ್ದರು. "ನರದ ವೀಕ್ನೆಸ್" ಎಂದು ನನ್ನ ಬಾಯಿ ತಾನಾಗಿಯೇ ಶುರುಮಾಡಿತು.

"ಕುಷ್ಠರೋಗ ಬಂದಿತ್ತು" ಎಂದಳು ಸುಮತಿ. ಜೋರಾಗಿಯೇ ಹೇಳಿದಳು. "ಒಂದು ವರ್ಷ ಮಾತ್ರೆ ತೆಗೊಂಡರು. ಗುಣ ಆಯಿತು. ನಮಗೆ ಯಾರಿಗೂ ಎಂತದೂ ಆಗಲಿಲ್ಲ."

ಮೇಷ್ಟ್ರೊಬ್ಬರು ಚಾ ಲೋಟವನ್ನು ಅಲ್ಲೇ ಇಟ್ಟು ಮೆಲ್ಲನೆ ಬೇರೆ ಕಡೆ ಹೋದರು. ಇನ್ನೊಬ್ಬರು ನಿಂತೇ ಇದ್ದರು. ಅಪ್ಪಿಯಕ್ಕ ಗುಡಿಸುವುದಕ್ಕೆ ಹೋದರು. ಅತ್ತೆ ಮಾತ್ರ ಎದ್ದು, ಮಗಳ ಮುಖವನ್ನೂ ನನ್ನ ಮುಖವನ್ನೂ ನೋಡಿ, ಸೆರಗು ಸರಿಮಾಡಿಕೊಂಡು ಬಸ್ಸಿಗೆ ಹೊತ್ತಾಯಿತು ಎಂದರು. ಆಮೇಲೆ ಎರಡು ತಿಂಗಳು ಅವರು ನಮ್ಮ ಮನೆಗೆ ಬರಲಿಲ್ಲ. ಮೂರನೆಯ ತಿಂಗಳು ಬಂದವರು ಊಟ ಮಾಡಿ ಮಲಗಿ ಮಾರನೆಯ ದಿನ ಹೋದರು. ಆ ವಿಷಯ ಎತ್ತಲಿಲ್ಲ, ಇವತ್ತಿಗೂ ಎತ್ತಿಲ್ಲ.

ಯಾಕೆ ಹಾಗೆ ಹೇಳಿಬಿಟ್ಟೆ ಎಂದು ಸುಮತಿಯನ್ನು ಕೇಳಿದೆ. "ನೀವು ಆರು ವಾರ ಅಲ್ಲಿದ್ದಿರಿ. ನಾನು ಇಲ್ಲಿಯೇ ಅಲ್ವಾ ಇದ್ದದ್ದು?" ಎಂದಳು. "ದಿನಾ ಒಬ್ಬರಿಗೆ ಒಂದೊಂದು ಸುಳ್ಳು. ಯಾರಿಗೆ ಯಾವುದು ಹೇಳಿದ್ದು ಅಂತ ನೆನಪಿಟ್ಟು ನನಗೆ ಸಾಕಾಗಿತ್ತು."

ಪ್ರದರ್ಶನ ಮುಗಿದ ಆ ಸಂಜೆಯೇ ತಗಡುಗಳನ್ನು ಗೋಣಿಯಲ್ಲಿ ಸುತ್ತುತ್ತಿದ್ದಾಗ ಅಪ್ಪಿಯಕ್ಕ ಮತ್ತೆ ಬಂದರು. ನನ್ನ ಹತ್ತಿರವಲ್ಲ, ಸುಮತಿಯ ಹತ್ತಿರ. ಅವಳನ್ನು ಕಿಟಕಿಯ ಬಳಿಗೆ ಕರೆದುಕೊಂಡು ಹೋಗಿ, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಏನೋ ತೋರಿಸಿದರು. ಅವರ ಮಾತು ನನಗೆ ಅಷ್ಟಿಷ್ಟು ಕೇಳಿಸಿತು. ಚಪ್ಪಲಿ ಕಳಚಿ ಬಿದ್ದರೂ ತಿಳಿಯುವುದಿಲ್ಲವಂತೆ. ಆರು ತಿಂಗಳಾಯಿತಂತೆ. ಮಗನಿಗೂ ಹೇಳಿಲ್ಲವಂತೆ.

"ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಆಸ್ಪತ್ರೆಯ ಗೇಟಿನಲ್ಲಿ ನಾನಿರ್ತೇನೆ ಅಕ್ಕ" ಎಂದಳು ಸುಮತಿ.

ಸೋಮವಾರ ನಾವಿಬ್ಬರೂ ಹೋಗಿ ಹನ್ನೊಂದರವರೆಗೆ ಗೇಟಿನಲ್ಲಿ ನಿಂತೆವು. ಅಪ್ಪಿಯಕ್ಕ ಬರಲಿಲ್ಲ. ಮುಂದಿನ ಸೋಮವಾರವೂ ಬರಲಿಲ್ಲ. ಇನ್ನು ಬೇಡ, ಅವರಿಗೆ ಇಷ್ಟವಿಲ್ಲ ಎಂದೆ. ಸುಮತಿ ಕೇಳಲಿಲ್ಲ, ಅಂಗಡಿಗೆ ಅರ್ಧ ದಿನ ರಜೆ ಹೇಳಿ ಮೂರನೆಯ ಸೋಮವಾರವೂ ಹೊರಟಳು, ನಾನೂ ಜೊತೆಗೆ ಹೋದೆ. ಅಂದು ಅಪ್ಪಿಯಕ್ಕ ನಮಗಿಂತ ಮೊದಲೇ ಬಂದು, ಗೇಟಿನಿಂದ ಸ್ವಲ್ಪ ಆಚೆ, ಯಾರನ್ನೂ ಕಾಯುತ್ತಿಲ್ಲ ಎಂಬಂತೆ ನಿಂತಿದ್ದರು.

ಕಾರಿಡಾರಿನ ಬೆಂಚಿನಲ್ಲಿ ಅವರು ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಸುಮತಿಗೆ ಅಂಟಿ ಕುಳಿತರು. ನರ್ಸ್ ಬಾಗಿಲಿಗೆ ಬಂದು ಚೀಟಿಯ ನಂಬರು ಕೂಗಿದರು. ಅಪ್ಪಿಯಕ್ಕ ಏಳಲಿಲ್ಲ. ಮತ್ತೊಮ್ಮೆ ಕೂಗಿದರು. ಸುಮತಿ ಎದ್ದು ನಿಂತು ಅವರ ಕೈ ಹಿಡಿದಳು. ಸ್ವಲ್ಪ ಹೊತ್ತಿಗೆ ಅವರೂ ಎದ್ದರು.

ನರ್ಸ್ ಇಬ್ಬರನ್ನೂ ನೋಡಿ, ಕೈಯ ಪುಸ್ತಕ ತೆರೆದು ಕೇಳಿದರು. "ಇಬ್ಬರಲ್ಲಿ ಪೇಷಂಟ್ ಯಾರು?"

"ನಾವು ಒಟ್ಟಿಗೆ ಬಂದದ್ದು" ಎಂದಳು ಸುಮತಿ. ಇಬ್ಬರೂ ಒಳಗೆ ಹೋದರು.